ಬೊಟ್ಟಿನ ಹೊತ್ತಿನ ಮಾತು

ನಮ್ಮೂರಿನ ಸೂರ್ಯನಿಗೆ ಕುಳ್ಳಪ್ಪ ಎಂದು ಹೆಸರು. ಕೆಂಪಗೆ, ದಪ್ಪಗೆ, ಗುಡ್ಡದ ಮೇಲೆ ಕೂತುಬಿಟ್ಟಿದ್ದಾನೆ. ಅವನು ಎದ್ದು ನಿಂತದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಕುಳ್ಳನೇ ಇರಬೇಕು ಎಂದು ಎಲ್ಲರೂ ನಂಬಿದ್ದಾರೆ. ಅವನ ಕಡೆಗೆ ಹೋದರೆ ಬರೀ ಬಿಸಿಲು, ಅವನಿಗೆ ಬೆನ್ನು ಹಾಕಿ ಹೋದರೆ ಬರೀ ಕತ್ತಲು, ನಡುವಿನ ಪಟ್ಟಿಯಲ್ಲಿ ನಮ್ಮೂರು. ಗಾಳಿ ಯಾವಾಗಲೂ ಕತ್ತಲ ಕಡೆಯಿಂದಲೇ ಬೀಸುತ್ತದೆ, ಅದಕ್ಕೇ ಯಾರ ಮನೆಗೂ ಆ ಕಡೆ ಬಾಗಿಲಿಲ್ಲ. ನಿದ್ದೆ ಬಂದವರು ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತಾರೆ. ಸೂರ್ಯ ಹುಟ್ಟಿ ಮುಳುಗುವ ಊರುಗಳೂ ಇವೆ ಎಂದು ಶಾಲೆಯಲ್ಲಿ ಮೇಷ್ಟ್ರು ಒಮ್ಮೆ ಹೇಳಿದರು. ಮುಳುಗಿದ ಮೇಲೆ ಅವನನ್ನು ಎತ್ತುವವರು ಯಾರು ಎಂದು ಕೇಳಿದೆ. ಹೊಡೆದರು. ನಾನೂ ಹೊಡೆದೆ. ನನ್ನ ಓದು ಅಲ್ಲಿಗೆ ಮುಗಿಯಿತು.

ವರ್ಷಗಳು ನಮ್ಮಲ್ಲಿ ಬೇಗ ಬೇಗ ಬರುತ್ತವೆ. ಹಬ್ಬಕ್ಕೆ ಮಾಡಿದ ಚಕ್ಕುಲಿ ಮೆತ್ತಗಾಗುವ ಮೊದಲೇ ಮುಂದಿನ ವರ್ಷದ ಹಬ್ಬ ಬಾಗಿಲಿಗೆ ಬಂದಿರುತ್ತದೆ. ನನಗೆ ಸಾವಿರ ವರ್ಷ ದಾಟಿರಬೇಕು. ಮೀಸೆ ಈಗ ಚಿಗುರುತ್ತಿದೆ.

ಕುಳ್ಳಪ್ಪನ ಸುತ್ತ ಸುತ್ತುವವರು ನಾವಷ್ಟೇ ಅಲ್ಲ. ನಮಗಿಂತ ಅವನಿಗೆ ಹತ್ತಿರವಾಗಿ ಮೂವರು ಅಕ್ಕತಂಗಿಯರು ಓಡಾಡುತ್ತಾರೆ. ಅವರಲ್ಲೊಬ್ಬಳು ಅವನ ಮುಖದ ಮೇಲೆ ಹಾಯ್ದು ಹೋಗುವಾಗ ಕೆಂಪು ಹಣೆಗೆ ಕರಿ ಬೊಟ್ಟು ಇಟ್ಟ ಹಾಗೆ ಕಾಣುತ್ತದೆ. ಅದು ಬೊಟ್ಟಿನ ಹೊತ್ತು. ಆ ಹೊತ್ತಿನಲ್ಲಿ ಯಾರು ತಮ್ಮ ಬಗ್ಗೆ ಏನು ಆಡಿದರೂ ಅದು ನಿಂತ ಮಾತು. ಇನ್ನೊಬ್ಬರ ಬಗ್ಗೆ ಆಡಿದ್ದಕ್ಕೆ ಬೆಲೆಯಿಲ್ಲ. ಇದ್ದಿದ್ದರೆ ಊರಿನಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕಪ್ಪು ಗಾಜು ಹಿಡಿದು ಕೂತಿರುವ ಬಸಲಿಂಗಯ್ಯ ಬೊಟ್ಟು ಕಂಡ ಕೂಡಲೇ ಕೊಂಬು ಊದುತ್ತಾನೆ. ಊರು ಬಾಯಿಗೆ ಏನಾದರೂ ತುಂಬಿಕೊಳ್ಳುತ್ತದೆ. ದೊಡ್ಡವರಿಗೆ ಅಡಿಕೆ, ಮಕ್ಕಳಿಗೆ ಬೆಲ್ಲ, ಅಳುವ ಕೂಸಿಗೆ ಮೊಲೆ. ಬೊಟ್ಟು ದಾಟಿ ಎರಡನೇ ಕೊಂಬು ಆದ ಮೇಲೆ ಎಲ್ಲರೂ ಉಗುಳಿ, ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ಇಷ್ಟಾದರೂ ಬಾಯಿ ಜಾರುವವರು ಇದ್ದೇ ಇರುತ್ತಾರೆ. ಗಾಣದ ಕೆಂಪಣ್ಣ ಬಂದ ಬೀಗರಿಗೆ ಉಪಚಾರಕ್ಕೆಂದು "ನಮ್ಮನೆ ಬೇರೆ ಅಲ್ಲ, ನಿಮ್ಮನೇನೇ" ಎಂದುಬಿಟ್ಟ. ಬೀಗರು ಇನ್ನೂ ಹೋಗಿಲ್ಲ. ಕೆಂಪಣ್ಣ ಈಗ ಅವರ ಜಗಲಿಯಲ್ಲಿ ಮಲಗುತ್ತಾನೆ. ಇನ್ನೊಬ್ಬ, ಏನೋ ಮರೆತು ಬಂದಿದ್ದಕ್ಕೆ ಹಣೆ ಚಚ್ಚಿಕೊಂಡು "ನಾನೊಂದು ಕತ್ತೆ" ಎಂದ. ಬಲು ಒಳ್ಳೆಯ ಮನುಷ್ಯ. ಅವನ ಹೆಂಡತಿ ಅವನ ಬೆನ್ನಿಗೆ ಮೂಟೆ ಹೇರುವಾಗ ಈಗಲೂ ಕಣ್ಣೊರೆಸಿಕೊಳ್ಳುತ್ತಾಳೆ.

ನಮ್ಮ ಮನೆಯದು ನೀರ್ಗಲ್ಲಿನ ಕೆಲಸ. ಕತ್ತಲ ಕಡೆಗೆ ಕೋಣದ ಗಾಡಿ ಹೊಡೆದುಕೊಂಡು ಹೋಗಿ, ಅಲ್ಲಿ ಹೆಪ್ಪುಗಟ್ಟಿ ನೆಲವೇ ಆಗಿಹೋದ ನೀರನ್ನು ಹಾರೆಯಿಂದ ಎಬ್ಬಿಸಿ, ಬಂಡೆ ಬಂಡೆಯಾಗಿ ತಂದು ಒಟ್ಟುವುದು. ಅದು ಕರಗಿದ್ದನ್ನೇ ಊರು ಕುಡಿಯುತ್ತದೆ. ಅಪ್ಪ, ನಾನು ಗಾಡಿಯ ಮೇಲೆ; ಅವ್ವ ಮನೆಯಲ್ಲಿ ಕರಗಿಸುವ ತೊಟ್ಟಿಯ ಹತ್ತಿರ. ಆ ಸಲ ಕೊಂಬು ಕೇಳಿದಾಗ ನಾವು ಗಾಡಿ ಇಳಿಸುತ್ತಿದ್ದೆವು. ಅಪ್ಪನ ಬಾಯಲ್ಲಿ ಅಡಿಕೆ ಇತ್ತು. ಬಂಡೆ ಜಾರಿ ಅವನ ಕಾಲ ಮೇಲೆ ಬಿತ್ತು. ಅಡಿಕೆ ಹೊರಕ್ಕೆ ಹಾರಿತು.

"ಅಯ್ಯಯ್ಯೋ, ಸತ್ತೆ!" ಎಂದ ಅಪ್ಪ.

ಕೇರಿಗೆಲ್ಲ ಕೇಳಿಸಿತು. ಅಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮುಚ್ಚಿ ಏನು ಬಂತು?

ಎರಡನೇ ಕೊಂಬು ಊದಿ ಬಸಲಿಂಗಯ್ಯ ಬಂದ. ಕುಕ್ಕರಗಾಲಲ್ಲಿ ಕೂತು ಅಪ್ಪನ ಕಾಲಿಗೆ ತಾನೇ ಬಟ್ಟೆ ಕಟ್ಟಿದ. ಗಂಟು ಬಿಗಿ ಮಾಡಿ ಎದ್ದು ನಿಂತು, ಅವ್ವನ ಕಡೆ ತಿರುಗಿ, "ಹೋಗ್ಬಿಟ್ಟ ಕಣವ್ವಾ ಸಾಕವ್ವಾ" ಎಂದ.

ಹೆಂಗಸರು ಅಳಲು ಬಂದರು. ಅಪ್ಪ ಅವರಿಗೆ ಜಾಗ ಬಿಟ್ಟುಕೊಟ್ಟು ಮೂಲೆಗೆ ಸರಿದು ಕೂತ. ಅವ್ವನ ಕುಂಕುಮ ಒರೆಸಿದರು. ಹೂಳಲು ಹೆಣವಿಲ್ಲದ್ದರಿಂದ ಅಪ್ಪನ ಕಂಬಳಿಯನ್ನು ಹೂಳಿದರು, ಆಮೇಲೆ ಅಪ್ಪನಿಗೆ ಚಳಿಗೆ ಕಂಬಳಿಯಿಲ್ಲದಂತಾಯಿತು. ಸತ್ತವರ ಹೆಸರನ್ನು ನಮ್ಮೂರಲ್ಲಿ ಎತ್ತುವುದಿಲ್ಲ, ಅವರ ಜೊತೆ ಮಾತಾಡುವುದಿಲ್ಲ, ಅವರು ಆಡಿದ್ದು ಯಾರಿಗೂ ಕೇಳಿಸುವುದಿಲ್ಲ. ಅಪ್ಪ ದಾರಿಯಲ್ಲಿ ಎದುರಾದರೆ ಜನ ಗಾಳಿಗೆ ಅಡ್ಡ ನಿಂತವರಂತೆ ಸೆರಗು, ಟವೆಲ್ಲು ಸರಿಮಾಡಿಕೊಂಡು ದಾಟುತ್ತಿದ್ದರು.

ಅವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಕೋಣಕ್ಕೆ ಹೇಳುತ್ತಿದ್ದಳು. "ಏನಪ್ಪಾ ಕೋಣಪ್ಪಾ, ಮುದ್ದೆ ಆರೋಯ್ತಾ ಐತೆ, ಇನ್ಯಾವಾಗ ಉಣ್ಣೋದು?" ಅಪ್ಪ ಬಂದು ಉಣ್ಣುತ್ತಿದ್ದ. ಕೈ ತೊಳೆದು ಅವನೂ ಕೋಣಕ್ಕೇ ಹೇಳುತ್ತಿದ್ದ, "ಸಾರಿಗೆ ಉಪ್ಪು ಒಂಚೂರು ಮುಂದಾಗಿತ್ತು ಕಣಪ್ಪಾ." ಅವ್ವನಿಗೆ ಕೇಳಿಸುತ್ತಿರಲಿಲ್ಲ. ಮಾರನೇ ಊಟಕ್ಕೆ ಉಪ್ಪು ಸರಿಯಾಗಿರುತ್ತಿತ್ತು. ವರ್ಷಕ್ಕೊಂದು ಸಲ ಸತ್ತವರಿಗೆ ಎಡೆ ಇಡಬೇಕು; ನಮ್ಮ ವರ್ಷದ ಸಂಗತಿ ಹೇಳಿದೆನಲ್ಲ. ಒಬ್ಬಟ್ಟಿನ ಕಾವಲಿ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಅಪ್ಪ ಎಲೆಯ ಮುಂದೆ ತಾನೇ ಬಂದು ಕೂತು, "ಬದುಕಿದ್ದಾಗ ಇಷ್ಟೊಂದು ಯಾರು ಹಾಕ್ತಿದ್ರು ಕೋಣಪ್ಪಾ" ಎಂದು ಉಂಡು, ಹೊಟ್ಟೆ ಬೆಳೆಸಿಕೊಂಡ. ನೆರೆಯವರು ನಗು ತಡೆಯಲಾಗದೆ ಗೋಡೆ ಕಡೆ ತಿರುಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಗಾಡಿಯ ಮೇಲೆ ಅವನು ಹಿಂದೆ ಕೂತಿರುತ್ತಿದ್ದ, ಹಾರೆ ಎಲ್ಲಿ ಹಾಕಬೇಕೆಂದು ಹೇಳುತ್ತಿದ್ದ, ನಾನು ಬೇಕೆಂದೇ ಬೇರೆ ಕಡೆ ಹಾಕುತ್ತಿದ್ದೆ. ಅವನ ಮೇಲೂ ಸಿಟ್ಟಿತ್ತು. "ಅಯ್ಯೋ" ಎಂದು ನಿಲ್ಲಿಸಬಹುದಿತ್ತು.

ಕುಳ್ಳಪ್ಪನಿಗೆ ಒಂದು ಕೆಟ್ಟ ಗುಣವಿದೆ, ಸಿಡುಕು. ಸುಮ್ಮನೆ ಕೂತವನು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿದುಬಿಡುತ್ತಾನೆ. ಆಗ ಹೊರಗಿದ್ದರೆ ಮೈ ಸುಲಿಯುತ್ತದೆ. ಅದಕ್ಕೆಂದೇ ಊರ ನಡುವೆ ಹಗೇವು ಇದೆ. ಬೆಳೆ ಬಂದಾಗ ಕಾಳು ತುಂಬುವ ನೆಲದ ಗುಂಡಿ, ಅವನು ಸಿಡುಕಿದಾಗ ಜನ ತುಂಬುವ ಗುಂಡಿ. ಕುಳ್ಳಪ್ಪನ ಅಂಚು ಬಿಳಿಚಿಕೊಂಡದ್ದು ಗಾಜಿನಲ್ಲಿ ಕಂಡರೆ ಬಸಲಿಂಗಯ್ಯ ಕೊಂಬನ್ನು ಬಿಡದೆ ಊದುತ್ತಾನೆ. ಊರೆಲ್ಲ ಏಣಿಯಲ್ಲಿ ಇಳಿಯುತ್ತದೆ. ಅಪ್ಪ ಸತ್ತ ಮೇಲೆ ಒಮ್ಮೆ ಹಾಗೆಯೇ ಇಳಿಯಿತು. ಕೊನೆಯಲ್ಲಿ ನಾನು, ನನ್ನ ಹಿಂದೆ ಅಪ್ಪ. ಬಸಲಿಂಗಯ್ಯ ಹಗೇವು ಮುಚ್ಚುವ ಬಾಯಿಕಲ್ಲಿನ ಹತ್ತಿರ ನಿಂತಿದ್ದ. ನನ್ನನ್ನು ಒಳಗೆ ಬಿಟ್ಟು, ಅಪ್ಪನಿಗೆ ಕೈ ಅಡ್ಡ ಹಿಡಿದ.

"ಕೈ ತೆಗಿ" ಎಂದೆ.

"ನೀನು ಇಳಿಯಪ್ಪಾ, ಜಾಗ ಸಾಲ್ದು."

"ಅಪ್ಪ?"

"ಯಾವ ಅಪ್ಪ?" ಎಂದ ಬಸಲಿಂಗಯ್ಯ. "ಒಳಗೆ ಬಸುರೀರು ಅವ್ರೆ, ಹಸುಗೂಸು ಅವ್ವೆ. ಹೆಣ ತಂದು ಅವರ ತೊಡೆ ಮೇಲೆ ಮಲಗಿಸಕಾಗ್ತದೇನ್ಲಾ? ಸತ್ತೋರಿಗೆ ಸಿಡುಕು ತಾಗಕಿಲ್ಲ."

ನಾನು ಅವನ ಅಂಗಿ ಹಿಡಿದೆ. ಅಪ್ಪನೇ ಹಿಂದಿನಿಂದ ನನ್ನ ಕೈ ಬಿಡಿಸಿದ. "ಇಳಿಯೋ ಭರಮ" ಎಂದ, "ನಾನು ನೀರ್ಗಲ್ಲಿನ ರಾಶಿ ಹಿಂದ್ಗಡೆ ಕೂತ್ಕತೀನಿ, ತಣ್ಣಗಿರ್ತದೆ." ಅದು ಯಾರಿಗೂ ಕೇಳಿಸಲಿಲ್ಲ. ಕೆಳಗಿನಿಂದ ಯಾರೋ ನನ್ನ ಕಾಲು ಹಿಡಿದು ಎಳೆದರು. ಬಾಯಿಕಲ್ಲು ಮುಚ್ಚಿತು. ಮೇಲೆ ಹೋಗಲು ನೋಡಿದೆ. ಇಬ್ಬರು ಗಟ್ಟಿಗರು ನನ್ನ ಬೆನ್ನ ಮೇಲೆ ಕೂತರು. ಕತ್ತಲಲ್ಲಿ ಅವ್ವನ ಬಳೆಯಿಲ್ಲದ ಕೈ ಎಲ್ಲಿದೆಯೋ ತಿಳಿಯಲಿಲ್ಲ.

ಹೊರಗೆ ಬಂದಾಗ ರಾಶಿ ಕರಗಿ ಅರ್ಧವಾಗಿತ್ತು. ಅಪ್ಪ ಅದರ ಹಿಂದೆ ಕೆಸರಿನಲ್ಲಿ ಬಿದ್ದಿದ್ದ. ಒಂದು ಮಗ್ಗುಲು ಬೆಂದು ಬೊಬ್ಬೆಯೆದ್ದಿತ್ತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಓಡಿದೆ. ಊರಿಗೆ ಒಬ್ಬಳೇ ಔಷಧಿಯವಳು, ಸೂಲಗಿತ್ತಿಯೂ ಅವಳೇ, ಗಂಗಮಾಳಮ್ಮ. ಅವಳು ಬೇರು ಕುಟ್ಟುತ್ತಿದ್ದವಳು ನನ್ನ ಮುಖ ನೋಡಿಯೇ ಕುಟ್ಟಾಣಿ ಕೆಳಗಿಟ್ಟಳು.

"ಬರಕಾಗಲ್ಲ ಕಣೋ ಮಗ."

"ಇನ್ನೂ ನಾನೇನೂ ಹೇಳಿಲ್ಲ."

"ಹೇಳ್ಬೇಡ ಅಂತಾನೇ. ಹೇಳಿದ್ರೆ ಇಲ್ಲ ಅನ್ನಬೇಕಾಯ್ತದೆ." ಅವಳು ತನ್ನ ಕೈಗಳನ್ನು ಮುಂದಕ್ಕೆ ಚಾಚಿ ತೋರಿಸಿದಳು. "ಈ ಕೈಯಲ್ಲಿ ಸತ್ತೋರನ್ನ ಮುಟ್ಟಿದೆ ಅಂದ್ರೆ, ಇನ್ಮೇಲೆ ಯಾವ ಬಸುರಿ ನನ್ನ ಹತ್ರ ಬಿಡ್ತಾಳೆ? ಒಳಕೇರಿ ಹುಡುಗಿಗೆ ಈಗಲೋ ಆಗಲೋ ಅನ್ನೋ ಹಾಗಾಗೈತೆ. ಅವಳು ಸಾಯ್ಲಾ?"

"ಅವನು ಸಾಯ್ತಾವ್ನೆ."

"ಸತ್ತಾಗೈತಲ್ಲಪ್ಪಾ" ಎಂದು ಗಂಗಮಾಳಮ್ಮ ಅತ್ತಳು. "ಜೀವ ಇರೋ ಒಂದು ಇರುವೆ ತಗಂಡ್ ಬಾ, ಬರ್ತೀನಿ. ಈಗ ಹುಟ್ಟಿದ್ದನ್ನ ತಗಂಡ್ ಬಾ, ಎದ್ದು ಓಡಿ ಬರ್ತೀನಿ. ಇದು ನನ್ ಕೈಲಾಗಲ್ಲ."

ಅವಳ ಕುಟ್ಟಾಣಿಯನ್ನು ಬೀದಿಗೆ ಒದ್ದು ಬಂದೆ. ರಾಶಿಯ ಹಿಂದೆ ಅವ್ವ ಅಪ್ಪನ ಮೈಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಗಂಗಮಾಳಮ್ಮ ಏನೆಂದಳು ಎಂದು ಕೋಣವನ್ನು ಕೇಳಿದಳು. ನಾನು ನೇರವಾಗಿಯೇ ಎಲ್ಲ ಹೇಳಿದೆ, ಇರುವೆ, ಹುಟ್ಟಿದ್ದು ಎಲ್ಲ ಸೇರಿಸಿ. ಹೇಳಿ ಹಾರೆ ಎತ್ತಿಕೊಂಡೆ.

ಕಟ್ಟೆಯ ಮೇಲೆ ಬಸಲಿಂಗಯ್ಯ ಗಾಜು ಒರೆಸುತ್ತಿದ್ದ. ಹಗೇವಿನಿಂದ ಬಂದ ಜನ ಇನ್ನೂ ಅಲ್ಲಲ್ಲೇ ನಿಂತು ಯಾರ ಸೂರು ಹೋಯಿತು, ಯಾರ ಕರು ಹೋಯಿತು ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಕಟ್ಟೆ ಹತ್ತಿದ್ದನ್ನು ನೋಡಿ ಹಿಂದೆ ಸರಿದರು.

"ಹಾರೆ ಕೆಳಗಿಡೋ" ಎಂದ ಬಸಲಿಂಗಯ್ಯ.

"ಅಪ್ಪನ್ನ ಬದುಕಿಸು."

"ನಾನೇನ್ ದೇವ್ರೇನ್ಲಾ? ಕೊಂಬು ಊದೋನು."

"ಊದೋ ಬಾಯಲ್ಲಿ ಒಂದ್ ಮಾತು ಹೇಳು. ಬದುಕವ್ನೆ ಅನ್ನು."

"ಇನ್ನೊಬ್ಬರ ಬಗ್ಗೆ ನಾನಂದ್ರೆ ನಿಂತದಾ? ಅವನ ಮಾತನ್ನ ಅವನೇ ಆಡ್ಬೇಕು. ಸತ್ತೋನಿಗೆ ಬಾಯಿಲ್ಲ." ಅವನು ಗಾಜನ್ನು ತೊಡೆಯ ಮೇಲಿಟ್ಟುಕೊಂಡ. "ನನಗೇನು ಹಿಗ್ಗು ಅಂದ್ಕಂಡ್ಯಾ? ನಾನೂ ಅವನೂ ಒಂದೇ ಗಾಡಿ ಹಿಂದೆ ಜೋತಾಡ್ಕಂಡು ಬೆಳೆದೋರು. ಒಬ್ಬನಿಗೆ ಸಡ್ಲ ಬಿಟ್ರೆ ಮುಂದೆ ಕೆಂಪಣ್ಣ ಮನೆ ಕೇಳ್ತಾನೆ, ಅವನ ಹಿಂದೆ ಬೊಟ್ಟಿನ ಹೊತ್ತಲ್ಲಿ ಮಾತು ಕೊಟ್ಟು ಮದುವೆಯಾದೋರೆಲ್ಲ ಬಂದು ನಿಲ್ತಾರೆ, ಬಾಯಿ ತಪ್ಪಿ ಅಂದಿದ್ದು ಅಂತ. ಆಮೇಲೆ ಯಾರ ಮಾತು ಯಾರಿಗೆ?"

ಮಾತಿನ ನಡುವೆಯೇ ಅಭ್ಯಾಸದಿಂದ ಗಾಜು ಕಣ್ಣಿಗೆ ಹಿಡಿದ. ಮುಖ ಬದಲಾಯಿತು. ಕೊಂಬು ಎತ್ತಿ ಊದಿದ.

ಕಟ್ಟೆಯ ಸುತ್ತ ಬಾಯಿಗಳು ತುಂಬಿಕೊಂಡವು. ಬಸಲಿಂಗಯ್ಯ ಒಂದು ಅಡಿಕೆ ತಾನು ಹಾಕಿಕೊಂಡು ಇನ್ನೊಂದನ್ನು ನನ್ನ ಕಡೆ ಚಾಚಿದ. ನಾನು ಅದನ್ನು ತಟ್ಟಿಬಿಟ್ಟೆ. ನನ್ನ ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. ನಿನ್ನ ಕೊಂದೇ ಬಿಡ್ತೀನಿ. ಯಾವಾಗಲೂ ಆಡುವ ಮಾತೇ. ಕೋಣಕ್ಕೂ ಅನ್ನುತ್ತೇನೆ, ಗೆಳೆಯರಿಗೂ ಅನ್ನುತ್ತೇನೆ. ಅಂದಿದ್ದರೆ ಅದು ನನ್ನ ಬಗ್ಗೆ ನಾನೇ ಆಡಿದ ಮಾತು, ಮಾಡಲೇಬೇಕಿತ್ತು, ಊರೇ ಮುಂದೆ ನಿಂತು ಮಾಡಿಸುತ್ತಿತ್ತು. ಬಸಲಿಂಗಯ್ಯನಿಗೂ ಅದು ಗೊತ್ತಾಯಿತು. ಅವನು ಕದಲಲಿಲ್ಲ. "ನಿನ್ನ" ಎಂಬಷ್ಟು ಹೊರಗೆ ಬಂತು.

ಹಿಂದಿನಿಂದ ಒಂದು ಅಂಗೈ ನನ್ನ ಬಾಯಿಯನ್ನು ಅಮುಕಿ ಹಿಡಿಯಿತು. ಬೂದಿಯ ವಾಸನೆ. ಅವ್ವ. ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು, ಅವಳ ಬಾಯಿ ಖಾಲಿಯಿತ್ತು.

"ನಾನು ಹೆತ್ತೆ" ಎಂದಳು.

ಜನ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಈಗ ತಾನೇ ಹೆತ್ತೆ. ಗಂಡು ಮಗು. ನೀರ್ಗಲ್ಲಿನ ರಾಶಿ ಹಿಂದೆ ಹೆತ್ತೆ, ಅಲ್ಲೇ ಮಲಗಿಸಿದೀನಿ. ಮೈ ಸುಡ್ತಾ ಐತೆ. ನಾನು ಬಾಣಂತಿ, ನನ್ನ ಕೂಸಿಗೆ ನಾನು ಸೂಲಗಿತ್ತಿ ಕರೀತಾ ಇದೀನಿ."

ಅಷ್ಟು ಹೇಳಿ ಅವಳೂ ಬಾಯಿ ಮುಚ್ಚಿದಳು. ನನ್ನ ಬಾಯಿ ಮೇಲಿನ ಕೈ ತೆಗೆಯಲಿಲ್ಲ. ಬೊಟ್ಟು ಕೆಂಪು ಹಣೆಯ ಮೇಲೆ ನಿಧಾನವಾಗಿ ತೆವಳುತ್ತಿತ್ತು. ಊರಿನ ಯಾವ ಹೆಂಗಸೂ ಗಂಡಸೂ ನನ್ನ ಅವ್ವನ ಮುಖದಿಂದ ಕಣ್ಣು ಕೀಳಲಿಲ್ಲ. ಎರಡನೇ ಕೊಂಬು ಊದುವಾಗ ಬಸಲಿಂಗಯ್ಯನ ಉಸಿರು ಸಾಲದೆ ಸದ್ದು ಒಡೆದು ಬಂತು.

ಅವನು ಅಡಿಕೆ ಉಗುಳಿ ಮೆಲ್ಲಗೆ ಕೇಳಿದ, "ಸಾಕವ್ವಾ, ಏನಂದೆ ಅಂತ ತಿಳಿದೈತಾ ನಿನಗೆ?"

"ತಿಳಿದೈತೆ."

"ಮಗ ಅಂದ್ಮೇಲೆ ಮಗನೇ. ಇನ್ನು ಯಾವತ್ತೂ ಗಂಡ ಅಲ್ಲ. ಕುಂಕುಮ ಬರಲ್ಲ."

"ಕುಂಕುಮ ಹೋಗಿ ಯಾವ ಕಾಲ ಆಯ್ತು" ಎಂದಳು ಅವ್ವ. "ಮಾತಲ್ಲೇ ಹೊತ್ತು ಕಳೀಬೇಡಿ. ಕೂಸಿಗೆ ಜ್ವರ."

ಗುಂಪಿನ ಅಂಚಿನಲ್ಲಿದ್ದ ಗಂಗಮಾಳಮ್ಮ ಆಗಲೇ ಸೀರೆ ಎತ್ತಿ ಕಟ್ಟಿ ಓಡುತ್ತಿದ್ದಳು. "ಬಿಸಿನೀರು ಇಡ್ರೇ ಯಾರಾದ್ರೂ!" ಎಂದು ಕೂಗುತ್ತಿದ್ದಳು.

ನಾನು ಹಾರೆ ಎಸೆದು ಅವ್ವನ ಹಿಂದೆ ಹೋದೆ. "ಅವನು ನನ್ನ ಅಪ್ಪ ಕಣೇ" ಎಂದೆ. "ನನ್ನ ಕೇಳಿದೆಯಾ? ನನ್ನ ಅಪ್ಪನ್ನ ನನಗೆ ತಮ್ಮನ್ನ ಮಾಡಿಬಿಟ್ಯಲ್ಲ. ನಾನಿನ್ನು ಯಾರನ್ನ ಅಪ್ಪ ಅನ್ಲಿ?"

ಅವಳು ನಿಲ್ಲಲಿಲ್ಲ. "ಆ ಕಡೆ ತೋಳು ಬೆಂದೈತೆ, ಈ ಕಡೆಯಿಂದ ಎತ್ತು" ಎಂದಳು.

ಎತ್ತಿದೆ. ಎಡೆ ಉಂಡು ಉಂಡು ಭಾರವಾಗಿದ್ದ.

ಗಂಗಮಾಳಮ್ಮ ಶಾಸ್ತ್ರ ಬಿಡುವವಳಲ್ಲ. ಮೊದಲು ಹೊಕ್ಕುಳು ನೋಡಿದಳು, "ಒಣಗೈತೆ, ಒಳ್ಳೇದು" ಎಂದಳು. ಬಜೆ ತೇಯ್ದು ನಾಲಿಗೆಗೆ ಸವರಿದಳು. ಆಮೇಲೆ ದೊಡ್ಡವರ ಔಷಧಿ ತೆಗೆದಳು; ಲೋಳೆಸರದ ತಿರುಳು, ಬೆಣ್ಣೆ, ಅವಳಿಗೆ ಮಾತ್ರ ಗೊತ್ತಿರುವ ಕಹಿ ಕಷಾಯ. ಬೆಂದ ಚರ್ಮ ಬಿಡಿಸುವಾಗ ಅಪ್ಪ ಒಂದು ಸದ್ದೂ ಮಾಡಲಿಲ್ಲ. "ಅಳಬೇಕು" ಎಂದಳು ಗಂಗಮಾಳಮ್ಮ. "ದನಿ ಬರದ ಕೂಸು ನಿಲ್ಲೋದು ಕಷ್ಟ." ಚಿವುಟಿದಳು. ಅವನು ಅಳಲಿಲ್ಲ.

ಜ್ವರ ಇಳಿಯಿತು. ಬೊಬ್ಬೆ ಒಣಗಿ ಹಕ್ಕಳೆಯಾಯಿತು. ಕಣ್ಣು ತೆರೆದ, ಗಂಜಿ ಕುಡಿದ, ಎದ್ದು ಕೂತ. ಆದರೆ ಮಾತಿಲ್ಲ. ಈಗ ಎಲ್ಲರೂ ಅವನ ಜೊತೆ ಮಾತಾಡಬಹುದಿತ್ತು, ಮಾತಾಡಿದರು ಕೂಡ. ಗಾಣದ ಕೆಂಪಣ್ಣ ಬಂದು "ಏನೋ ಮರಿ" ಎಂದು ಗಲ್ಲ ಹಿಡಿದು ಹೋದ. ಅಪ್ಪ ಗೋಡೆಯನ್ನು ನೋಡುತ್ತಿದ್ದ. ಕೋಣದ ಹತ್ತಿರ ಕೂಡ ಮಾತು ಬಿಟ್ಟಿದ್ದ. ನಾನು ಅವನ ಎದುರು ಬಾಯಿ ತೆರೆಯಲಿಲ್ಲ. ತಮ್ಮ ಎನ್ನಲು ಬಾಯಿ ಬರಲಿಲ್ಲ, ಅಪ್ಪ ಎನ್ನುವಂತಿರಲಿಲ್ಲ. ಅವ್ವ ಕಷಾಯ ಕುಡಿಸುವಾಗ ಗಂಗಮಾಳಮ್ಮ ಅವನ ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಮೈ ಬಂದೈತೆ, ಅವನು ಬಂದಿಲ್ಲ" ಎಂದು ಅವ್ವನಿಗೆ ಹೇಳಿದ್ದು ಕೇಳಿಸಿತು. "ಹೆಸರಿಟ್ಟು ಕರಿ. ಅದಕ್ಕೂ ತಿರುಗದಿದ್ರೆ ನನ್ನ ಕೈಲೇನಿಲ್ಲ."

ಹೆಸರಿಡುವ ಹೊತ್ತಿಗೆ ಕೂಸಿಗೆ ಎರಡು ವರ್ಷ ತುಂಬಿತ್ತು. ತೊಟ್ಟಿಲು ಸಾಲುವುದಿಲ್ಲವಲ್ಲ, ನೀರ್ಗಲ್ಲಿನ ಗಾಡಿಗೇ ಸೀರೆ ಹಾಸಿ, ಮೂಕಿಗೆ ಹೂ ಕಟ್ಟಿ, ಅವನನ್ನು ಅದರಲ್ಲಿ ಮಲಗಿಸಿದರು. ಕಾಲು ಹೊರಗೆ ಚಾಚಿತ್ತು. ತೂಗಬೇಕಾದವನು ಅಣ್ಣ, ಅಂದರೆ ನಾನು. ಗಾಲಿ ಹಿಡಿದು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತಿದ್ದೆ. ಹಲ್ಲು ಕಚ್ಚಿಕೊಂಡಿದ್ದೆ. ಕೇರಿಯ ಹೆಂಗಸರು ಜೋಗುಳ ಹಾಡಿದರು, ಕೋಸಂಬರಿ ಹಂಚಿದರು. ಬಸಲಿಂಗಯ್ಯ ದೂರದಲ್ಲಿ ಟವೆಲ್ಲು ಹೊದ್ದು ಕೂತಿದ್ದ.

ಹೆತ್ತವಳು ಮೊದಲು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕರೆಯಬೇಕು. ಅವ್ವ ಗಾಡಿಯ ಹತ್ತಿರ ಬಂದು ಬಗ್ಗಿದಳು. ಕಿವಿಯ ಹತ್ತಿರ ಬಾಯಿ ತಂದಳು. ಅಲ್ಲೇ ನಿಂತಳು. ಅವಳ ಕಿವಿ, ಕುತ್ತಿಗೆ ಎಲ್ಲ ಕೆಂಪಾದದ್ದು ನನಗೆ ಹತ್ತಿರದಿಂದ ಕಂಡಿತು. ಥಟ್ಟನೆ ಸೆರಗು ಬಾಯಿಗೆ ಅಡ್ಡ ಹಿಡಿದು ಹಿಂದೆ ಸರಿದಳು.

"ಏನೇ ಇದು" ಎಂದಳು ಗಂಗಮಾಳಮ್ಮ, "ಮಗನ ಹೆಸರು ಹೇಳಕ್ಕೆ ಯಾವ ತಾಯಿ ನಾಚ್ಕತಾಳೆ?"

"ಮದುಮಗಳ ಥರ ಆಡ್ತಾಳೆ ನೋಡ್ರೇ!" ಎಂದು ಯಾರೋ ನಕ್ಕರು. ಇನ್ನೊಬ್ಬಳು, "ಹೆಸರು ಹೇಳೇ, ಹೇಳದಿದ್ರೆ ಹೊಸಿಲು ದಾಟಿಸಲ್ಲ" ಎಂದಳು, ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳು ಎಂದು ಕಾಡುವ ಹಾಗೆಯೇ. ನಗು ಎದ್ದಿತು, ಎದ್ದದ್ದು ತಾನಾಗಿ ನಿಂತಿತು. ಅವಳು ಯಾವ ಹೆಸರು ಹೇಳಲಿದ್ದಾಳೆಂದು ಒಬ್ಬೊಬ್ಬರಿಗೇ ಹೊಳೆಯುತ್ತಿತ್ತು. ಅವ್ವ ಜೀವಮಾನದಲ್ಲಿ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಇವ್ರೇ ಎನ್ನುತ್ತಿದ್ದಳು, ಭರಮನ ಅಪ್ಪ ಎನ್ನುತ್ತಿದ್ದಳು, ಕೊನೆಗೆ ಕೋಣಪ್ಪ ಎಂದಳು.

"ಅದು ಸತ್ತೋನ ಹೆಸರು" ಎಂದು ಬಸಲಿಂಗಯ್ಯ ದೂರದಿಂದ ಕೆಮ್ಮಿದ.

"ಸತ್ತೋರ ಹೆಸರನ್ನ ಕೂಸಿಗಿಡದೆ ಇನ್ಯಾರಿಗೆ ಇಡ್ತಾರೆ?" ಎಂದಳು ಗಂಗಮಾಳಮ್ಮ. "ನಿನಗ್ಯಾರದ್ದು ಇಟ್ಟವ್ರೆ? ನಿಮ್ಮಜ್ಜಂದಲ್ವಾ?"

ಬಸಲಿಂಗಯ್ಯ ಟವೆಲ್ಲು ಸರಿಮಾಡಿಕೊಂಡ. ಅದಕ್ಕೆ ಅಡ್ಡಿಯಿಲ್ಲ ಎಂದರ್ಥ.

ಅವ್ವ ಸೆರಗು ಬಿಟ್ಟಳು. ಮತ್ತೆ ಬಗ್ಗಿ ಕಿವಿಯಲ್ಲಿ ಹೇಳಿದಳು, ಅದು ನನಗೂ ಕೇಳಿಸಲಿಲ್ಲ. ಗೋಡೆಯ ಕಡೆ ತಿರುಗಿದ್ದ ಮುಖ ಹಾಗೆಯೇ ಇತ್ತು. ನಾನು ಗಾಡಿ ನೂಕುವುದನ್ನು ನಿಲ್ಲಿಸಿದೆ. ಅವಳು ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ತೊಟ್ಟಿಯ ಹತ್ತಿರದಿಂದ ಗಾಡಿಯವರನ್ನು ಕೂಗುವ ದನಿಯಲ್ಲಿ ಕರೆದಳು.

"ಹಿರಿಯಣ್ಣಾ!"

ಮುಖ ತಿರುಗಿತು. ಅವಳನ್ನು ನೋಡಿತು, ಬಲು ಹೊತ್ತು, ಅವಳು ಯಾರೆಂದು ಆಗ ತಾನೇ ಕಂಡುಕೊಂಡವರಂತೆ.

"ಓ" ಎಂದ ಅಪ್ಪ.

ಇಡೀ ಕೇರಿಗೆ ಕೇಳಿಸಿತು.